ಬರಿಗೈಗೆ ಬಳೆ

ಪಾಂಡವಪುರ
೨೪ ಫೆಬ್ರವರಿ ೨೦೨೫, ಸೋಮವಾರ

ಮಾನಸಾ,

ನಿನಗೆ ಅಮ್ಮನ ಆಶೀರ್ವಾದ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಮುಂದೆ ಓದುತ್ತಾ ಹೋದಂತೆ ಇವಳಿಗೆ ನನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಅಂತ ನಿನಗೆ ಅನುಮಾನ ಬಂದರೆ, ವಾಪಸ್ಸು ಈ ಸಾಲಿಗೆ ಬಂದು ನೋಡಿಕೋ.

ಶ್ರೀರಂಗಪಟ್ಟಣ ಏನು ದೂರವೇ, ಬಸ್ಸು ಹತ್ತಿದರೆ ಬಂದೇಬಿಡಬಹುದು, ಇವಳು ಕಾಗದ ಯಾಕೆ ಬರೆದಳು ಅಂತ ನೀನೂ ನಿನ್ನ ರೂಮಿನ ದಿವ್ಯಳೂ ನಗಾಡಬಹುದು. ಫೋನಿನಲ್ಲಿ ನಾನು ನಟಿಸಿಬಿಡುತ್ತೇನೆ ಮಗಳೇ. ಮೂವತ್ತು ವರ್ಷದಿಂದ ಜಾದೂ ತೋರಿಸಿಕೊಂಡು ಬಂದ ಗಂಟಲು. ಒಳಗೆ ಏನಿದ್ದರೂ ಹೊರಗೆ ನಗು ಬರುತ್ತದೆ. ಕಾಗದದ ಮುಂದೆ ಕೂತರೆ ಯಾರೂ ನೋಡುತ್ತಿರುವುದಿಲ್ಲ, ಅದಕ್ಕೆ ಇಲ್ಲಿ ಆ ನಗು ಬರುವುದಿಲ್ಲ.

ನಾಗಮಂಗಲದ ಕಾಲೇಜಿನ ನಿನ್ನ ಕಾರ್ಯಕ್ರಮಕ್ಕೆ ಯಾಕೆ ಬರಲಿಲ್ಲ ಅಂತ ನೀನು ಕೇಳಿದೆ. ಹಸುವಿಗೆ ಹುಷಾರಿಲ್ಲ ಅಂತ ನಾನು ಅಂದೆ. ಹಸು ಚೆನ್ನಾಗಿಯೇ ಇತ್ತು. ನಾನು ಬಂದಿದ್ದೆ.

ಆ ಕಾಲೇಜಿನವರು ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ನನ್ನನ್ನೇ ಕರೆಯುತ್ತಿದ್ದರು. ನೀನು ಚಿಕ್ಕವಳಿದ್ದಾಗ ನನ್ನ ಜೊತೆ ಬಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಬಿಸ್ಕತ್ತು ತಿಂದುಕೊಂಡು ಕೂತಿರುತ್ತಿದ್ದೆ, ನೆನಪಿರಬೇಕು. ಈ ಸಲ ಸಂಕ್ರಾಂತಿ ಕಳೆದ ಮೇಲೆ ಅಲ್ಲಿನ ವಿಜಯೇಂದ್ರ ಮೇಷ್ಟ್ರು ಫೋನ್ ಮಾಡಿದರು. ಅವರ ಹೆಸರು ನೋಡಿದ ಕೂಡಲೇ, ‘ಯಾವತ್ತು ಇಟ್ಟುಕೊಂಡಿದೀರಿ ಸಾರ್?’ ಅಂತ ನಾನೇ ಬಾಯಿಬಿಟ್ಟೆ. ಅವರು, ‘ಮೇಡಂ, ಹುಡುಗರು ಈ ಸಲ ಮಾನಸ ಅವರೇ ಬೇಕು ಅಂತಿದಾರೆ. ನಿಮ್ಮ ಹತ್ರ ಅವರ ನಂಬರ್ ಏನಾದ್ರೂ ಇದ್ರೆ...’ ಅಂದರು.

ಇದ್ದರೆ! ನನ್ನ ಮಗಳ ನಂಬರು ನನ್ನ ಹತ್ತಿರ ಇದ್ದರೆ!

ಕೊಟ್ಟೆ. ‘ಒಳ್ಳೇದಾಯ್ತು ಸಾರ್, ಅವಳೂ ಬೆಳೀಬೇಕಲ್ಲ’ ಅಂತ ಬೇರೆ ಅಂದೆ. ಆಮೇಲೆ ಹಾಲು ಕರೆಯಲು ಕೂತವಳು ಅರ್ಧ ಚೆಲ್ಲಿದೆ. ನಿಮ್ಮಪ್ಪ ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ನಿಂತಿದ್ದರು. ‘ಯಾಕಮ್ಮೀ, ಮೊಕ ಇಂಗ್ ಮಾಡ್ಕೊಂಡಿದ್ದೀಯೆ?’ ಅಂದರು. ವಿಷಯ ಹೇಳಿದೆ. ಅವರು ಕ್ಯಾನು ಕೆಳಗಿಟ್ಟು ನಕ್ಕರು. ‘ಅಲ್ಲ ಕಣಮ್ಮೀ, ಒಟ್ಟೆಕಿಚ್ ಪಡಾಕೆ ನಿಂಗೆ ಬ್ಯಾರೆ ಯಾರೂ ಸಿಗ್ನಿಲ್ವಾ? ಒಟ್ಟೇಲ್ ಉಟ್ಟಿದ್ ಮಗ್ಳೇ ಆಗ್ಬೇಕಿತ್ತಾ?’

ಬೇರೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ನನಗೆ ಗೊತ್ತಿಲ್ಲದ್ದೇನಲ್ಲ. ಕೋಟು ಹಾಕಿಕೊಂಡು ದೊಡ್ಡ ದೊಡ್ಡ ಪೆಟ್ಟಿಗೆ ಇಟ್ಟುಕೊಂಡು ಬರುವವರನ್ನು ನೋಡಿದಾಗಲೆಲ್ಲ ಉರಿದುಕೊಂಡಿದ್ದೇನೆ. ಆದರೆ ಅವರ ವಿಷಯದಲ್ಲಿ ಸಮಾಧಾನಕ್ಕೆ ಏನಾದರೂ ಒಂದು ಮಾತು ಸಿಗುತ್ತಿತ್ತು. ದುಡ್ಡಿದೆ, ಪರಿಚಯ ಇದೆ, ಗಂಡಸರು, ಎಲ್ಲಿ ಬೇಕಾದರೂ ಉಳಿದುಕೊಳ್ಳುತ್ತಾರೆ. ನಿನ್ನ ವಿಷಯದಲ್ಲಿ ಏನು ಹೇಳಿಕೊಳ್ಳಲಿ? ಹೊಳೆ ದಂಡೆಯ ರೆಸಾರ್ಟಿನಲ್ಲಿ ಊಟದ ಟೇಬಲ್ಲುಗಳ ಪಕ್ಕ ನಿಂತು ಇಸ್ಪೀಟು ತೋರಿಸುತ್ತಿದ್ದ ಹುಡುಗಿ ನೀನು. ಯಾರೋ ತೆಗೆದ ವಿಡಿಯೊ ಎಲ್ಲರ ಮೊಬೈಲಿಗೂ ಹೋಯಿತು, ಅಷ್ಟೇ. ನಿನ್ನ ಕೈಗೆ ಬಂದಿದ್ದೆಲ್ಲ ನನ್ನ ಕೈಯಿಂದಲೇ ಹೋಗಿದ್ದು.

ಬಳೆ ಆಟ ನನಗೆ ಹೇಗೆ ಬಂತು ಅಂತ ನಿನಗೆ ಎಷ್ಟು ಸಲ ಹೇಳಿದ್ದೇನೋ. ಇನ್ನೊಂದು ಸಲ ಹೇಳಿಸಿಕೋ, ಇವತ್ತು ಹೇಳುವ ಕಾರಣ ಬೇರೆ. ಸಾಕ್ಷರತೆಯ ಜಾಥಾ ಹಳ್ಳಿ ಹಳ್ಳಿ ಸುತ್ತುತ್ತಿದ್ದ ಕಾಲ. ಜಯರಾಮಯ್ಯ ಮೇಷ್ಟ್ರು ಜಾಥಾದ ಹುಡುಗ ಹುಡುಗಿಯರಿಗೆಲ್ಲ ನಾಲ್ಕಾರು ಕೈಚಳಕ ಹೇಳಿಕೊಟ್ಟಿದ್ದರು. ಕೈಯಲ್ಲಿ ವಿಭೂತಿ ಬರಿಸುವುದು, ಬರಿದಾದ ಚೊಂಬಿನಿಂದ ನೀರು ಸುರಿಸುವುದು, ಹೀಗೆ. ಪವಾಡ ಅಂತ ಹೇಳಿ ಮೋಸ ಮಾಡುವವರ ಗುಟ್ಟು ಜನಕ್ಕೆ ತೋರಿಸಲಿ ಅಂತ. ಜಾಥಾ ಮುಗಿದ ಮೇಲೆ ಉಳಿದವರು ಬಿಟ್ಟರು, ನಾನು ಬಿಡಲಿಲ್ಲ. ಆದರೆ ಅವೆಲ್ಲ ಮೇಷ್ಟ್ರ ಆಟಗಳು. ಅವರೂ ಇನ್ನೊಬ್ಬರಿಂದ ಕಲಿತದ್ದು.

ಮದುವೆಯಾದ ಹೊಸತರಲ್ಲಿ ಒಂದು ದಿನ ತೊಣ್ಣೂರು ಕೆರೆಯಲ್ಲಿ ಬಟ್ಟೆ ಒಗೆಯುವಾಗ ಕಲ್ಲಿಗೆ ತಾಗಿ ಬಳೆ ಒಡೆಯಿತು. ಅತ್ತೆ ಬೈಯುತ್ತಾರಲ್ಲಪ್ಪ, ಇದು ಮತ್ತೆ ಕೂಡಿಕೊಂಡರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡೆ. ಅಂದುಕೊಂಡ ಗಳಿಗೆಯಲ್ಲೇ ಹೊಳೆಯಿತು. ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಕಲ್ಲಿನ ಮೇಲೆ ಕೂತೆ. ಕೈ ಕಲಿಯಲು ತಿಂಗಳುಗಟ್ಟಲೆ ಬೇಕಾಯಿತು, ಮನೆಯ ಬಳೆಯೆಲ್ಲ ಚೂರಾಯಿತು. ಆಮೇಲೆ ಅದೇ ಊರಿನಲ್ಲಿ ಮೊದಲ ಸಲ ತೋರಿಸಿದೆ. ಹಳದಿ ಕರ್ಚೀಫಿನಲ್ಲಿ ನನ್ನ ಬಳೆ ಸುತ್ತಿ, ಕಲ್ಲಿನಲ್ಲಿ ಕುಟ್ಟಿ, ಚೂರು ಚೂರಿನ ಸದ್ದು ಎಲ್ಲರಿಗೂ ಕೇಳಿಸಿ, ಬಿಚ್ಚಿದರೆ ಇಡೀ ಬಳೆ. ಒಬ್ಬ ಅಜ್ಜಿ ಮೇಲೆ ಹತ್ತಿ ಬಂದು ನನ್ನ ಕೈಗೆ ದೃಷ್ಟಿ ತೆಗೆದಳು. ಅವತ್ತಿನಿಂದ ನಾನು ಬಳೆ ಪ್ರಮೀಳಮ್ಮ.

ಅದೊಂದೇ ಮಗಳೇ, ನನಗೆ ಹೊಳೆದಿದ್ದು. ಪಾರಿವಾಳ ಸಾಕಿದೆ, ಪೆಟ್ಟಿಗೆ ಕೊಂಡೆ, ಪುಸ್ತಕ ತರಿಸಿಕೊಂಡು ಓದಿದೆ. ಅವೆಲ್ಲ ಬೇರೆಯವರ ತಲೆಯಲ್ಲಿ ಹುಟ್ಟಿದವು. ಇನ್ನೊಂದು ಬರಲಿ ಅಂತ ಕಾದೆ. ಬಟ್ಟೆ ಒಗೆಯುವಾಗಲೆಲ್ಲ ಕಾದೆ ಅಂದರೆ ನೀನು ನಗುತ್ತೀಯ, ಆದರೆ ನಿಜ. ಬರಲಿಲ್ಲ. ಬರಲಿಲ್ಲವಲ್ಲ ಅಂತ ಇದ್ದ ಒಂದನ್ನೇ ಬದಲಾಯಿಸದೆ ಕಾಪಾಡಿಕೊಂಡೆ. ಅದೇ ಹಳದಿ ಕರ್ಚೀಫು, ಅದೇ ಮಾತು, ಅತ್ತೆ ಬೈತಾರೆ ಅನ್ನೋ ಅದೇ ತಮಾಷೆ.

ನಿನ್ನ ಕಾರ್ಯಕ್ರಮದ ದಿನ ಮಾಸ್ಕ್ ಹಾಕಿಕೊಂಡು, ತಲೆ ಮೇಲೆ ಸೆರಗು ಹೊದ್ದು, ಕೊನೆಯ ಸಾಲಿನಲ್ಲಿ ಕೂತೆ. ವಿಜಯೇಂದ್ರ ಮೇಷ್ಟ್ರು ಪಕ್ಕದಲ್ಲೇ ಓಡಾಡಿದರೂ ಗೊತ್ತಾಗಲಿಲ್ಲ. ನೀನು ಬಂದೆ. ಮೊದಲು ಇಸ್ಪೀಟು, ಹಗ್ಗ, ಮೊಬೈಲು ಮಾಯ ಮಾಡಿದ್ದು. ಹಗ್ಗದಲ್ಲಿ ಅವಸರ ಮಾಡಿದೆ. ಮೈಕು ಬಾಯಿಗೆ ಅಂಟಿಸಿಕೊಂಡು ಮಾತಾಡಿದೆ. ಒಂದೊಂದು ತಪ್ಪು ಕಂಡಾಗಲೂ ನನ್ನ ಎದೆ ಹಗುರಾಗುತ್ತಿತ್ತು. ಇವಳು ಇನ್ನೂ ಕಲಿಯುವುದಿದೆ ಅಂದುಕೊಂಡು ಕುರ್ಚಿಗೆ ಒರಗಿದೆ. ನಿಜವಾಗಿಯೂ ಹಾಯಾಗಿದ್ದೆ.

ಆಮೇಲೆ ನೀನು ಹಳದಿ ಕರ್ಚೀಫು ತೆಗೆದೆ.

ನನ್ನ ಆಟ ಮಾಡುತ್ತಾಳೆ ಅಂತ ಗೊತ್ತಾಯಿತು. ಅದಕ್ಕೂ ಒಳಗೊಳಗೇ ಖುಷಿಪಟ್ಟೆ. ನನ್ನದನ್ನು ಮಾಡಿದರೆ ನನಗಿಂತ ಕೆಳಗೇ ಇರುತ್ತಾಳೆ ಅಂತ. ಆದರೆ ನಿನ್ನ ಕೈಯಲ್ಲಿ ಬಳೆ ಇರಲಿಲ್ಲ. ವೇದಿಕೆಯ ಪಕ್ಕದಲ್ಲಿ ಕಸಬರಿಗೆ ಹಿಡಿದುಕೊಂಡು ನೋಡುತ್ತಾ ನಿಂತಿದ್ದ ಆಯಮ್ಮನನ್ನು ನೀನು ಕರೆದೆ. ಅವಳು ಒಲ್ಲೆ ಅಂದಳು. ಹುಡುಗರು ಕೂಗಿದರು. ನೀನು ಕೆಳಗಿಳಿದು ಹೋಗಿ ಕೈ ಹಿಡಿದು ಕರೆತಂದೆ. ಒಂದು ಮಾತೂ ಆಡಲಿಲ್ಲ, ಒಂದು ತಮಾಷೆಯೂ ಇಲ್ಲ. ಅವಳ ಎರಡು ಕೈಯನ್ನೂ ಎತ್ತಿ ಎಲ್ಲರಿಗೂ ತೋರಿಸಿದೆ. ಬರಿಗೈ. ಮೇಲೆ ಕರ್ಚೀಫು ಹೊದಿಸಿದೆ, ತೆಗೆದೆ. ಎರಡು ಕೈತುಂಬ ಹಸಿರು ಗಾಜಿನ ಬಳೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಹುಡುಗರಿದ್ದ ಹಾಲಿನಲ್ಲಿ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಆ ಹೆಂಗಸು ಕೈಯನ್ನು ಒಂಚೂರು ಅಲುಗಿಸಿದಳು. ನಿನ್ನ ಮೈಕಿನಲ್ಲಿ ಬಳೆಯ ಸದ್ದು ಬಂತು. ಆಮೇಲೆ ಹಾಲಿಗೆ ಹಾಲೇ ಎದ್ದು ನಿಂತಿತು.

ನಾನು ಏಳಲಿಲ್ಲ. ಮುಂದೆ ನಿಂತವರ ಬೆನ್ನುಗಳನ್ನು ನೋಡುತ್ತಾ ಕೂತಿದ್ದೆ. ನೀನು ಹೇಗೆ ಮಾಡಿದೆ ಅನ್ನುವುದು ನನಗೆ ಗೊತ್ತು. ಅದೇ ಕೈ, ಅದೇ ಗುಟ್ಟು, ನಾನು ಇನ್ನೂ ನಾಜೂಕಾಗಿ ಮಾಡುತ್ತೇನೆ. ಅದಲ್ಲ ನನ್ನನ್ನು ಸುಟ್ಟದ್ದು. ಮೂವತ್ತು ವರ್ಷ ನಾನು ನನ್ನ ಬಳೆ ಒಡೆದುಕೊಂಡು, ನಾನೇ ಕೂಡಿಸಿಕೊಂಡು, ನಾನೇ ತೊಟ್ಟುಕೊಂಡು ಬಂದೆ. ಊರೂರಿನಲ್ಲೂ ಮುಂದಿನ ಸಾಲಿನಲ್ಲಿ ಬರಿಗೈ ಹೆಂಗಸರು ಕೂತಿರುತ್ತಿದ್ದರು. ನನ್ನ ಕಣ್ಣಿಗೆ ಅವರು ಕಾಣುತ್ತಿದ್ದರು. ಬಳೆ ಒಡೆಯುವ ಆಟ, ಅವರಿಗೆ ನೋವಾದೀತು ಅಂತ ಆ ಕಡೆ ತಿರುಗದೆ ಈ ಕಡೆ ನಿಂತು ಮಾಡುತ್ತಿದ್ದೆ. ದೊಡ್ಡ ಮನಸ್ಸು ಅಂದುಕೊಂಡಿದ್ದೆ. ಆ ಕಡೆಗೇ ಹೋಗಬೇಕು ಅಂತ ಒಂದು ದಿನವಾದರೂ ನನಗೆ ಯಾಕೆ ಹೊಳೆಯಲಿಲ್ಲ? ನಿನಗೆ ಯಾಕೆ ಹೊಳೆಯಿತು? ನನ್ನ ಹೊಟ್ಟೆಯಲ್ಲಿ ಇಷ್ಟು ವರ್ಷ ಮಲಗಿದ್ದ ಕೂಸನ್ನು ನೀನು ಹೆತ್ತುಕೊಂಡು ಹೋದ ಹಾಗೆ ಆಯಿತು.

ಆಗ ತಪ್ಪು ಹುಡುಕಲು ಶುರುಮಾಡಿದೆ. ಇದು ಜಾದೂ ಅಲ್ಲ, ಕಣ್ಣೀರು ತರಿಸಿ ಚಪ್ಪಾಳೆ ಗಿಟ್ಟಿಸುವುದು ಅಂದುಕೊಂಡೆ. ನಿನ್ನ ಸುತ್ತ ಹುಡುಗಿಯರು ಸೆಲ್ಫಿಗೆ ಮುತ್ತಿಕೊಂಡಿದ್ದಾಗ ನಾನು ಹಾಲಿನ ಹಿಂದೆ ಹೋದೆ. ಆ ಹೆಂಗಸು ನಲ್ಲಿಯ ಕಟ್ಟೆಯ ಮೇಲೆ ಕೂತು ಕೈ ನೋಡಿಕೊಳ್ಳುತ್ತಿದ್ದಳು. ಹೆಸರು ಚಿಕ್ಕಬೋರಮ್ಮ. ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಳಿದು ಒಳಗೆ ನಡೆದುಹೋಗುವ ಯಾವುದೋ ಹಳ್ಳಿ. ನಾನು ಯಾರು ಅಂತ ಹೇಳಲಿಲ್ಲ. ‘ಎಂಗನ್ನಿಸ್ತವ್ವ?’ ಅಂದೆ.

‘ಚೆಂದಾಗವೆ’ ಅಂದಳು. ‘ಆ ಮಗಾನೂ ಒಳ್ಳೇದೇ. ಆದ್ರೆ ಒಂದ್ ಮಾತ್ ಕೇಳ್ಬೋದಿತ್ತು ಕಣವ್ವ. ಅಷ್ಟ್ ಜನುದ್ ಮುಂದೆ ನನ್ ಬರಿಗೈ ಎತ್ತಿ ತೋರುಸ್ಬುಟ್ಳು. ನಂಗ್ ಗಂಡ ಇಲ್ಲ ಅಂತ ಇಲ್ಲಿ ಯಾರ್ಗೂ ಏಳಿರ್ನಿಲ್ಲ ನಾನು.’

ತೆಗೆದುಬಿಡುತ್ತೀಯಾ ಅಂತ ಕೇಳಿದೆ. ‘ಬೆಳ್ಳೂರ್ ಕ್ರಾಸ್‌ಗಂಟ ಇರ್ಲಿ. ಆಮೇಲ್ ಬಿಚ್ಚಿ ಚೀಲುಕ್ ಆಕ್ಕತೀನಿ’ ಅಂದು ನಕ್ಕಳು. ನಗುತ್ತಲೇ ಇನ್ನೊಂದು ಸಲ ಕೈ ಅಲುಗಿಸಿ ಸದ್ದು ಕೇಳಿಸಿಕೊಂಡಳು.

ಅವಳಿಗೆ ಖುಷಿಯಾಗಿತ್ತೋ ಅವಮಾನವಾಗಿತ್ತೋ ನನಗೆ ಈಗಲೂ ಗೊತ್ತಿಲ್ಲ. ಎರಡೂ ಇರಬೇಕು. ಆದರೆ ಅವತ್ತು ನಾನು ಅರ್ಧವನ್ನು ಮಾತ್ರ ಕೇಳಿಸಿಕೊಂಡೆ. ‘ಒಂದ್ ಮಾತ್ ಕೇಳ್ಬೋದಿತ್ತು’ ಅನ್ನುವ ಅರ್ಧವನ್ನು. ಗೆದ್ದವಳ ಹಾಗೆ ಮನೆಗೆ ಬಂದೆ.

ಮಾರನೆಯ ದಿನ ನೀನು ಫೋನ್ ಮಾಡಿ, ಮುಂದಿನ ತಿಂಗಳು ಮೈಸೂರಿನಲ್ಲಿ ಜಾದೂಗಾರರ ಸಮ್ಮೇಳನಕ್ಕೆ ಕರೆದಿದ್ದಾರಮ್ಮ, ಬಳೆಯ ಆಟವನ್ನೇ ಮಾಡಿ ಅಂತ ಹೇಳಿದ್ದಾರೆ ಅಂದೆ. ಅಂಥ ಕಡೆಗೆ ನಾನೂ ನನ್ನ ಕಾಲದಲ್ಲಿ ಅರ್ಜಿ ಹಾಕಿದ್ದೆ. ಉತ್ತರ ಬಂದಿರಲಿಲ್ಲ. ‘ಒಳ್ಳೇದಾಯ್ತು ಕಣೆ’ ಅಂದೆ. ಚಿಕ್ಕಬೋರಮ್ಮನ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಮೈಸೂರಿನಲ್ಲಿ ನಿನ್ನ ಕೈ ನಡುಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಬೇಕಾದ ಮಾತೇ ಅದು. ಆದರೆ ನಾನು ಹೇಳಬೇಕು ಅಂದುಕೊಂಡದ್ದು ಅದು ಹೇಳಬೇಕಾದ ಮಾತು ಅನ್ನುವ ಕಾರಣಕ್ಕಲ್ಲ. ನಿನಗೆ ಕಲಿಸಿದ ಅಮ್ಮ ಯಾವಳು, ಈ ಉರಿಯುವ ಹೆಂಗಸು ಯಾವಳು ಅಂತ ಬೇರೆ ಮಾಡಲು ನನಗೆ ಆಗಲಿಲ್ಲ. ಅದಕ್ಕೇ ಸುಮ್ಮನಿದ್ದೆ.

ಸುಮ್ಮನಿದ್ದವಳು ಸುಮ್ಮನೇ ಇರಬೇಕಿತ್ತು. ಮೊನ್ನೆ ಶನಿವಾರ ಕೆ.ಆರ್. ಪೇಟೆಯಲ್ಲಿ ಸ್ತ್ರೀಶಕ್ತಿ ಸಂಘದವರ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದಿದ್ದರು. ಹೋಗುವಾಗ ಚೀಲದಲ್ಲಿ ಹಸಿರು ಬಳೆ ಇಟ್ಟುಕೊಂಡೆ. ನಿನ್ನ ಆಟವನ್ನು ನಿನಗಿಂತ ಚೆನ್ನಾಗಿ ಮಾಡಿ ತೋರಿಸುತ್ತೇನೆ ಅಂತ. ಯಾರಿಗೆ ತೋರಿಸುವುದು ಅಂತ ಕೇಳಬೇಡ. ಮತ್ತೆ ನೀನು ಮಾಡಿದ ತಪ್ಪನ್ನೂ ನಾನು ಮಾಡಬಾರದಲ್ಲ, ಹಾಗಾಗಿ ಮೊದಲೇ ಹೋಗಿ ಅಡಿಗೆ ಮಾಡುತ್ತಿದ್ದ ಕಡೆ ಸಿದ್ದಲಿಂಗಮ್ಮ ಅನ್ನುವವಳನ್ನು ಮಾತಾಡಿಸಿದೆ. ಗಂಡ ಹೋಗಿ ಬಹಳ ವರ್ಷವಾಗಿದೆಯಂತೆ. ವೇದಿಕೆ ಮೇಲೆ ಕರೆಯುತ್ತೇನೆ, ಬರಿಗೈಗೆ ಬಳೆ ಬರುತ್ತದೆ, ನಿನಗೆ ಬೇಜಾರಿಲ್ಲ ತಾನೇ ಅಂತ ಕೇಳಿದೆ. ‘ಬೇಜಾರ್ ಯಾಕವ್ವ? ಬತ್ತೀನ್ ಬುಡು’ ಅಂದಳು. ಆಹಾ, ಎಷ್ಟು ಸರಿಯಾಗಿ ನಡೆದುಕೊಂಡೆ ಅಂತ ನನಗೇ ನನ್ನ ಮೇಲೆ ಹೆಮ್ಮೆಯಾಯಿತು.

ನನ್ನ ಸರದಿ ಬಂತು. ಯಾರಾದರೂ ಬನ್ನಿ ಅಂತ ಕರೆಯುವ ಮೊದಲೇ ಸಿದ್ದಲಿಂಗಮ್ಮ ಎದ್ದು ನಿಂತಿದ್ದಳು. ಮುಖ ತೊಳೆದು, ತಲೆ ಬಾಚಿ, ಬೇರೆ ಸೀರೆ ಉಟ್ಟು ಬಂದಿದ್ದಳು. ಮೇಲೆ ಹತ್ತಿದವಳೇ ನಾನು ಹೇಳುವುದಕ್ಕೆ ಮುಂಚೆ ಎರಡೂ ಕೈ ನೀಡಿ ನಿಂತಳು. ಜನ ಮುಸಿಮುಸಿ ನಕ್ಕರು. ಕರ್ಚೀಫು ಹೊದಿಸಿದೆ, ತೆಗೆದೆ. ಕೈ ತುಂಬ ಬಳೆ. ನನ್ನ ಇಷ್ಟು ವರ್ಷದಲ್ಲಿ ಕೈ ಇಷ್ಟು ಚೊಕ್ಕವಾಗಿ ಓಡಿದ್ದು ನನಗೆ ನೆನಪಿಲ್ಲ. ಹೇಗನ್ನಿಸಿತು ಅಂತ ಅವಳ ಬಾಯಿಗೆ ಮೈಕು ಹಿಡಿದೆ.

‘ಮೊದ್ಲೇ ಏಳಿದ್ರಲ್ಲ, ಅಂಗೇ ಬಂದ್ವು’ ಅಂದಳು.

ಜನರೆಲ್ಲ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು, ತಾನೇನೋ ಚೆನ್ನಾಗಿ ಮಾತಾಡಿದೆ ಅಂತ. ನಾನೂ ನಕ್ಕೆ, ಗಂಟಲಿಗೆ ಅಭ್ಯಾಸ ಇದೆಯಲ್ಲ. ಇಳಿದು ಬಂದು ಚೀಲ ಕಟ್ಟಿಕೊಂಡು ಊಟಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಹೊರಟೆ. ಸಿದ್ದಲಿಂಗಮ್ಮ ಗೇಟಿನವರೆಗೆ ಓಡಿಬಂದಳು. ‘ಬಳೆ ವಾಪಸ್ ಕೊಡ್ಬೇಕಾ ಅವ್ವಾ?’ ಅಂದಳು. ಇಟ್ಟುಕೋ ಅಂದೆ. ಕೈ ಎದೆಗೆ ಒತ್ತಿಕೊಂಡು ಹೋದಳು.

ಮನೆಗೆ ಬಂದು ನಿಮ್ಮಪ್ಪನಿಗೆ ಎಲ್ಲ ಹೇಳಿದೆ, ನಾಗಮಂಗಲಕ್ಕೆ ಹೋಗಿದ್ದು ಕೂಡ. ಈ ಸಲ ಅವರು ನಗಲಿಲ್ಲ. ‘ಇದ್ನ ಮಗ್ಳುಗ್ ಏಳು’ ಅಂದರು. ‘ಫೋನಲ್ ಏಳ್ಬ್ಯಾಡ, ಫೋನಲ್ ನೀನು ನಾಟ್ಕ ಆಡ್ತೀಯೆ.’ ಈ ಕಾಗದ ಬರೆಸಿದ್ದು ಅವರೇ ಅನ್ನಬೇಕು.

ಈಗ ನಿನಗೆ ಚಿಕ್ಕಬೋರಮ್ಮನ ಮಾತೂ ಗೊತ್ತಾಯಿತು, ನನ್ನ ಕಥೆಯೂ ಗೊತ್ತಾಯಿತು. ಕೇಳದೆ ಮಾಡಿದರೆ ಆ ಹೆಂಗಸಿಗೆ ನೋವು. ಕೇಳಿ ಮಾಡಿದರೆ ಬೆರಗು ಇರುವುದಿಲ್ಲ. ಎರಡು ದಿನದಿಂದ ಕೂತು ಯೋಚಿಸಿದೆ, ಬಟ್ಟೆಯನ್ನೂ ಒಗೆದೆ, ನನಗೆ ದಾರಿ ಕಾಣಲಿಲ್ಲ. ನಾನು ಇಷ್ಟು ವರ್ಷ, ಸಿಕ್ಕಿಹಾಕಿಕೊಳ್ಳದೆ ವೇದಿಕೆ ಇಳಿದರೆ ಗೆದ್ದ ಹಾಗೆ ಅಂದುಕೊಂಡು ಬಂದವಳು. ಎದುರಿಗೆ ನಿಂತವರಿಗೆ ಏನಾಗುತ್ತದೆ ಅಂತ ಯೋಚಿಸುವ ಆಟ ನಾನು ಮಾಡಲೇ ಇಲ್ಲ.

ನೀನು ಒಂದು ಕೆಲಸ ಮಾಡು. ಮೈಸೂರಿಗೆ ಹೋಗುವ ಮುಂಚೆ ನಾಗಮಂಗಲಕ್ಕೆ ಹೋಗಿ ಚಿಕ್ಕಬೋರಮ್ಮನನ್ನು ನೋಡು. ಮೊಬೈಲು ಚೀಲದಲ್ಲಿ ಇರಲಿ. ನಲ್ಲಿ ಕಟ್ಟೆಯ ಮೇಲೆ ಅವಳ ಪಕ್ಕ ಕೂತು, ಅವತ್ತು ಕೇಳದ್ದನ್ನು ಈಗ ಕೇಳು. ಬೈದರೆ ಬೈಸಿಕೋ. ಆಮೇಲೆ ಏನು ಮಾಡಬೇಕು ಅನ್ನುವುದು ನಿನಗೆ ಹೊಳೆಯುತ್ತದೆ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ನಿನಗೆ ಹೊಳೆದೇ ಹೊಳೆಯುತ್ತದೆ ಅಂತ ನನಗೆ ಗೊತ್ತು, ಅದು ಗೊತ್ತಿರುವುದಕ್ಕೇ ನನಗೆ ಇಷ್ಟು ಉರಿ.

ಆ ಆಟವನ್ನು ನಾನು ಇನ್ನು ಮಾಡುವುದಿಲ್ಲ. ಅದು ನಿನ್ನದು. ನನ್ನದರಿಂದ ಹುಟ್ಟಿದ್ದು ಅಂತ ಎಲ್ಲಾದರೂ ಒಂದು ಮಾತು ಹೇಳಿದರೆ ಸಂತೋಷ, ಹೇಳದಿದ್ದರೆ ಬೇಜಾರಾಗುತ್ತದೆ. ಬೇಜಾರಾಗುವುದಿಲ್ಲ ಅಂತ ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬೇಕು.

ಕರ್ಚೀಫು ತೆಗೆಯುವಾಗ ನಿನ್ನ ಎಡಮೊಣಕೈ ಮೇಲೇಳುತ್ತದೆ. ಹುಡುಗರಿಗೆ ಕಾಣಲಿಲ್ಲ, ಆದರೆ ಮೈಸೂರಿನಲ್ಲಿ ಕೂರುವವರು ಜಾದೂಗಾರರು. ಮೊಣಕೈ ಪಕ್ಕೆಗೆ ತಾಗಿರಲಿ. ಉಸಿರು ಬಿಡುತ್ತಾ ತೆಗೆ, ಆಗ ಏಳುವುದಿಲ್ಲ.

ಈ ಭಾನುವಾರ ಊರಿಗೆ ಬರುತ್ತೇನೆ ಅಂದಿದ್ದೀಯ. ಈ ಭಾನುವಾರ ಬೇಡ. ನನ್ನ ಉರಿ ಇನ್ನೂ ಆರಿಲ್ಲ. ನಿನ್ನ ಮುಖ ನೋಡಿದರೆ ಏನಾದರೂ ಅಂದುಬಿಡುತ್ತೇನೆ. ಅದರ ಮುಂದಿನ ವಾರ ಬಾ, ಅಷ್ಟು ಹೊತ್ತಿಗೆ ಸರಿಹೋಗಿರುತ್ತೇನೆ. ಅವರೆಕಾಳು ಇನ್ನೂ ಸಿಗುತ್ತಿದೆ, ಸಿಪ್ಪೆ ಇದುಕಿ ಇಟ್ಟಿರುತ್ತೇನೆ.

ನಿನ್ನ ಹೆತ್ತವಳು, ಸದ್ಯಕ್ಕೆ ನಿನ್ನ ಮೇಲೆ ಕೋಪದಲ್ಲಿರುವವಳು,
ಪ್ರಮೀಳಾ

ಮ.ಮಾ.: ಇದನ್ನು ಬರೆಯಬಾರದು ಅಂದುಕೊಂಡು ಮೇಲೆಲ್ಲೂ ಬರೆದಿರಲಿಲ್ಲ. ಹಾಲಿನಲ್ಲಿ ಎಲ್ಲರೂ ಎದ್ದು ನಿಂತಾಗ ನನ್ನ ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು, ‘ಯಾರ್ ಎತ್ತ ಮಗಳೋ, ಏನ್ ಚೆಂದ! ನಿಮ್ಗ್ ಗೊತ್ತೇನವ್ವ ಇವ್ಳು?’ ಅಂತ ಕೇಳಿದಳು. ಗೊತ್ತಿಲ್ಲ ಅಂದುಬಿಟ್ಟೆ. ಆಮೇಲೆ ಪಾಂಡವಪುರದ ಬಸ್ಸು ಹತ್ತಿ ಕೂತೆ. ಜಕ್ಕನಹಳ್ಳಿ ದಾಟಿದ ಮೇಲೆ ಕಂಡಕ್ಟರು ಹತ್ತಿರ ಬಂದ. ‘ಇವತ್ತು ನಾಗಮಂಗಲದ ಕಾಲೇಜಲ್ಲಿ ಜಾದೂ ಮಾಡಿದ್ಲಲ್ಲ, ಅವಳು ನನ್ನ ಮಗಳು ಕಣಪ್ಪ’ ಅಂದೆ. ಅವನು ನನ್ನ ಮುಖ ನೋಡಿ, ‘ಆಗ್ಲಿ ಕಣಮ್ಮ, ಆಧಾರ್ ಕಾರ್ಡ್ ತೋರ್ಸಿ’ ಅಂದ. ಹಿಂದಿನ ಸೀಟಿನವರಿಗೂ ಹೇಳಿದೆ.